ಆಯುಷ್ಯ ಕೇಳುವವರಿಗೆ

‘ಇವ ಎಷ್ಟ್ ಕಾಲ ಬದುಕ್ತ ಮಾರಾಯ್ರೆ?’ ಈ ಪ್ರಶ್ನೆಯನ್ನು ನಮಗೆ ಕೇಳದವರಿಲ್ಲ. ಮದುವೆ ಕಾಗದ ಹಿಡಕೊಂಡು ಬಂದ ನೆಂಟರು ಕೇಳಿದ್ದಾರೆ, ರೇಷನ್ ಕಾರ್ಡಿನ ಲೆಕ್ಕ ತೆಗೆಯಲು ಬಂದವರು ಕೇಳಿದ್ದಾರೆ, ಅಕ್ಕಿ ಕಡ ಕೊಡುವ ಅಂಗಡಿಯವರು ಕೇಳಿದ್ದಾರೆ, ಬಿಳಿ ಕೋಟು ಹಾಕಿದವರೂ ಕೇಳಿದ್ದಾರೆ. ಕೇಳುವ ದನಿಯಲ್ಲಿ ಹಗೆತನ ಇರುವುದಿಲ್ಲ. ಸೋರುವ ಮಾಡು ಇನ್ನೊಂದು ಮಳೆಗಾಲ ತಡೆದೀತೇ ಅಂತ ಕೇಳುವ ಹಾಗೆ ಕೇಳುತ್ತಾರೆ. ನಮಗೆ ಸಿಟ್ಟು ಬರುವುದು ಅದಕ್ಕೇ. ಊರ ಧಣಿಗೆ ಎಂಬತ್ತು ದಾಟಿದ್ದರೂ ಅವರ ಅಂಗಳದಲ್ಲಿ ನಿಂತು ‘ನೀವು ಇನ್ನೆಷ್ಟು ಕಾಲ?’ ಅಂತ ಯಾರೂ ಕೇಳುವುದಿಲ್ಲ.

ಇವ ಅಂದರೆ ನಮ್ಮಣ್ಣ. ವಯಸ್ಸು ೩೮. ಹುಟ್ಟಿದಾಗಿನಿಂದ ಕೈಕಾಲು ಬಿಗಿ. ಕುತ್ತಿಗೆ ನಿಲ್ಲುವುದು ಸ್ವಲ್ಪ ಹೊತ್ತು. ಮಾತು ಬರುವುದಿಲ್ಲ, ನಗು ಬರುತ್ತದೆ, ಸಿಟ್ಟು ಬರುತ್ತದೆ, ದೂರದಲ್ಲಿ ಆಟದ ಚಂಡೆ ಕೇಳಿದರೆ ಇಡೀ ಮೈ ಎದ್ದು ನಿಲ್ಲಲು ನೋಡುತ್ತದೆ. ಡಾಕ್ಟರು ಇದಕ್ಕೆ ಸೆರೆಬ್ರಲ್ ಪಾಲ್ಸಿ ಅನ್ನುತ್ತಾರೆ. ಸರ್ಕಾರಿ ಕಾಗದದಲ್ಲಿ ಮೆದುಳಿನ ಪಾರ್ಶ್ವವಾಯು ಅಂತ ಬರೆಯುತ್ತಾರೆ. ಊರವರ ಬಾಯಲ್ಲಿ ಅದು ಗ್ರಹಚಾರ, ನಾಗನ ಕಾಟ, ಇಲ್ಲವೇ ಹಿಂದಿನ ಜನ್ಮದ ಪಾಪ. ಹಿಂದಿನ ಜನ್ಮದ ಪಾಪದಿಂದಲೇ ನಾವು ಈ ಕೇರಿಯಲ್ಲಿ ಹುಟ್ಟಿದ್ದು ಅಂತ ಹೇಳಿದವರೂ ಇವರೇ ಆದ್ದರಿಂದ, ಈ ಲೆಕ್ಕದ ಪುಸ್ತಕ ಯಾರ ಕೈಲಿದೆ ಅಂತ ನಮಗೆ ಚೆನ್ನಾಗಿ ಗೊತ್ತು.

ನಮ್ಮ ಮನೆಯಿಂದ ಕಾಲೇಜಿನ ಮೆಟ್ಟಲು ಹತ್ತಿದವರು ನಾವೇ ಮೊದಲು. ಡಿಗ್ರಿ ಮುಗಿಸಿ ಪದ್ಯ ಬರೆಯುತ್ತ ತಿರುಗಾಡುವಾಗ ನಮಗೆ ಒಂದು ಯೋಚನೆ ಬಂತು. ಇಂಥ ಮಕ್ಕಳನ್ನು ನಾವು ಎಲ್ಲ ಊರಲ್ಲೂ ಕಂಡಿದ್ದೇವೆ. ಇಂಥ ದೊಡ್ಡವರನ್ನು ಯಾಕೆ ಕಾಣುವುದಿಲ್ಲ? ಬೈಂದೂರಿನ ಶಿರೂರಿಂದ ಹಿಡಿದು ಬ್ರಹ್ಮಾವರದ ಆಚೆತನಕ, ಸಿಕ್ಕ ಬಸ್ಸಿನಲ್ಲಿ, ಉಳಿದದ್ದು ನಡೆದು, ನಾವು ಕೆಲವು ಗೆಳೆಯರು ಮನೆ ಮನೆ ಹೊಕ್ಕೆವು. ಅವರು ಇದ್ದಾರೆ. ಹಿಂದಿನ ಕೋಣೆಯಲ್ಲಿದ್ದಾರೆ. ಹಟ್ಟಿಯ ಪಕ್ಕದ ಚಾವಡಿಯಲ್ಲಿದ್ದಾರೆ. ಕೆಲವರು ಇದ್ದರು, ಹೋದರು. ಹೋದದ್ದು ಯಾವುದರಿಂದ ಅಂತ ಕೇಳಿದರೆ ಎಲ್ಲ ಕಡೆ ಒಂದೇ ಉತ್ತರ: ‘ಅದೇ ಕಾಯ್ಲೆ.’

ಅದೇ ಕಾಯ್ಲೆ ಅಲ್ಲ. ಈ ಬರಹ ಬರೆಯುತ್ತಿರುವುದೇ ಅದನ್ನು ಹೇಳಲಿಕ್ಕೆ.

೧೮೬೨ರಲ್ಲಿ ಲಂಡನ್ನಿನ ವಿಲಿಯಂ ಜಾನ್ ಲಿಟಲ್ ಎಂಬ ವೈದ್ಯ ಈ ಸ್ಥಿತಿಯ ಬಗ್ಗೆ ವಿವರವಾಗಿ ಬರೆದ. ಬಹಳ ಕಾಲ ಇದಕ್ಕೆ ಲಿಟಲ್ಲನ ರೋಗ ಅಂತಲೇ ಹೆಸರಿತ್ತು. ಬೆಳೆಯುತ್ತಿರುವ ಮೆದುಳಿಗೆ, ಗರ್ಭದಲ್ಲೋ ಹೆರಿಗೆಯ ಹೊತ್ತಿನಲ್ಲೋ ಹುಟ್ಟಿದ ಮೇಲಿನ ಎಳವೆಯಲ್ಲೋ, ಒಂದು ಪೆಟ್ಟು ಬೀಳುತ್ತದೆ. ತಿಂಗಳು ತುಂಬದ ಹೆರಿಗೆ, ತೀರಾ ಕಮ್ಮಿ ತೂಕ, ಗರ್ಭದೊಳಗಿನ ಸೋಂಕು, ಉಸಿರು ಕಟ್ಟಿದ್ದು, ಏರಿದ ಕಾಮಾಲೆ, ಮೆದುಳು ಜ್ವರ, ಹೀಗೆ ಕಾರಣ ಹಲವು. ಹೆರಿಗೆಯಲ್ಲಿ ಉಸಿರು ಕಟ್ಟಿದ್ದೇ ಎಲ್ಲಕ್ಕೂ ಮೂಲ ಅಂತ ಹಿಂದೆ ತಿಳಿದಿದ್ದರು. ಅದು ಒಂದು ಪಾಲು ಮಾತ್ರ ಅಂತ ಈಗ ಗೊತ್ತು. ಲೋಕದಲ್ಲಿ ಸಾವಿರ ಹೆರಿಗೆಗೆ ೨ರಿಂದ ೩ ಮಕ್ಕಳು ಹೀಗೆ ಹುಟ್ಟುತ್ತಾರೆ. ಉಳ್ಳವರ ಮನೆಯಲ್ಲೂ ಹುಟ್ಟುತ್ತಾರೆ. ಆದರೆ ನಟ್ಟಿಗದ್ದೆಯಲ್ಲಿ ಒಂಬತ್ತನೇ ತಿಂಗಳೂ ಬಗ್ಗಿ ನಿಂತ ತಾಯಿಯ ರಕ್ತ, ಗಂಜಿ ತಿಳಿ ಕುಡಿದು ಬೆಳೆದ ಹೊಟ್ಟೆ, ರಸ್ತೆಗೆ ಎರಡು ಮೈಲು ದೂರದ ಗುಡಿಸಲು, ಇವೆಲ್ಲ ಆ ಲೆಕ್ಕದಲ್ಲಿ ಸೇರುವುದಿಲ್ಲವೇ? ನಮ್ಮಣ್ಣ ಹುಟ್ಟಿದ್ದು ಆಷಾಢದ ಮಳೆಯಲ್ಲಿ, ಎರಡು ದಿನದ ನೋವಿನ ನಂತರ, ಮನೆಯಲ್ಲೇ. ಹುಟ್ಟಿದಾಗ ಅಳಲಿಲ್ಲ. ನಮ್ಮ ರಾಜ್ಯಕ್ಕೆ ೧೦೮ರ ಗಾಡಿ ಬಂದದ್ದು ೨೦೦೮ರಲ್ಲಿ.

ಬ್ರಹ್ಮಾವರದ ಕಡೆ ಒಂದು ಮನೆಯಲ್ಲಿ ೩೧ ವರ್ಷದ ಹೆಂಗಸನ್ನು ಕಂಡೆವು. ಕೈಗಳು ನಿಲ್ಲುವುದೇ ಇಲ್ಲ, ಹೊರಳುತ್ತ ಸುತ್ತುತ್ತ ಇರುತ್ತವೆ. ಹಾವಿನ ಹಾಗೆ ಹೊರಳುತ್ತದೆ, ಆದ್ದರಿಂದ ನಾಗದೋಷ! ಆಶ್ಲೇಷಾಬಲಿಗೆ ಸಾಲ ಮಾಡಿದ್ದರು, ಆ ಸಾಲ ತೀರಿಸಲು ಅಪ್ಪ ಗಲ್ಫಿಗಲ್ಲ, ಚಿಕ್ಕಮಗಳೂರಿನ ಕಾಫಿ ತೋಟಕ್ಕೆ ಹೋಗಿದ್ದ. ತಾಯಿಯನ್ನು ಕೇಳಿದೆವು, ಹುಟ್ಟಿದ ವಾರದಲ್ಲಿ ಏನಾಯ್ತು? ‘ಅರ್ಸಿನ ಮಿಂದ ಹಾಂಗೆ ಆಯಿತ್ತ್, ಪಾದದ್ ವರೆಗೂ’ ಅಂದರು. ಅದು ಕಾಮಾಲೆ. ಮಿತಿ ಮೀರಿದರೆ ಆ ಹಳದಿ ಮೆದುಳಿನ ಆಳಕ್ಕೆ ಇಳಿದು ಕೂರುತ್ತದೆ, ಕೈಕಾಲಿನ ಹಿಡಿತ ತಪ್ಪುವುದು ಹಾಗೆ, ಎಷ್ಟೋ ಬಾರಿ ಕಿವಿಯೂ ಹೋಗುತ್ತದೆ. ನೀಲಿ ಬೆಳಕಿನ ಕೆಳಗೆ ಕೆಲವು ದಿನ ಮಲಗಿಸಿದ್ದರೆ, ತೀರಾ ಹೆಚ್ಚಿದ್ದರೆ ರಕ್ತ ಬದಲಿಸಿದ್ದರೆ, ತಪ್ಪಿಸಬಹುದಾಗಿತ್ತು. ನಾಗನಿಗೆ ಅಲ್ಲಿ ಕೆಲಸವೇ ಇರಲಿಲ್ಲ.

ಇನ್ನು ಅಜಲಿನ ಮಾತು ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ನಮ್ಮ ಈ ಕರಾವಳಿಯಲ್ಲಿ ಮನೆಯವರ ಕಾಯಿಲೆ ಕಳೆಯಲಿ ಅಂತ ಅವರ ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸುವ ಪದ್ಧತಿ ಇತ್ತು. ಅಜಲು ನಿಷೇಧದ ಕಾನೂನು ಬಂದದ್ದು ೨೦೦೦ದಲ್ಲಿ, ಸ್ವಾತಂತ್ರ್ಯ ಬಂದು ಐವತ್ತಮೂರು ವರ್ಷದ ಮೇಲೆ. ಉಳ್ಳವರ ಮಗುವಿನ ಕಾಯಿಲೆಯನ್ನು ಇಳಿಸಿಡಲು ಒಂದು ಮನುಷ್ಯನ ಹೊಟ್ಟೆ ಇತ್ತು. ಕೊರಗರ ತಾಯಿ ತನ್ನ ಮಗುವಿನ ಕಾಯಿಲೆಯನ್ನು ಎಲ್ಲಿ ಇಳಿಸಬೇಕಿತ್ತು?

ಈಗ ಮುಖ್ಯ ಮಾತು. ಮೆದುಳಿಗೆ ಬಿದ್ದ ಈ ಪೆಟ್ಟು ಬೆಳೆಯುವುದಿಲ್ಲ. ಹರಡುವುದಿಲ್ಲ. ಹುಟ್ಟಿದ ವರ್ಷ ಎಷ್ಟಿತ್ತೋ ಮೂವತ್ತೆಂಟನೇ ವರ್ಷವೂ ಅಷ್ಟೇ. ಹಾಗಾದರೆ ದೇಹ ಯಾಕೆ ಕೆಡುತ್ತ ಹೋಗುತ್ತದೆ? ಎಳೆದು ಕಟ್ಟಿದ ಸ್ನಾಯು ವರ್ಷಗಟ್ಟಲೆ ಎಲುಬನ್ನು ಎಳೆಯುತ್ತದೆ. ಬೆನ್ನು ಬಾಗುತ್ತದೆ, ಬಾಗಿದ ಬೆನ್ನು ಎದೆಗೂಡನ್ನು ಒತ್ತುತ್ತದೆ, ಶ್ವಾಸಕೋಶಕ್ಕೆ ಜಾಗ ಕಮ್ಮಿ ಆಗುತ್ತದೆ. ನಡೆಯಲಾಗದ ಮಕ್ಕಳಲ್ಲಿ ತೊಡೆಯ ಕೀಲು ಗುಳಿಯಿಂದ ಜಾರುವುದು ಬಹಳ. ಜಾರಿದ ಕೀಲು ದೊಡ್ಡವರಾದ ಮೇಲೆ ನೋಯುತ್ತದೆ. ಈ ನೋವಿನ ಬಗ್ಗೆ ಯಾರೂ ಕೇಳುವುದಿಲ್ಲ. ಬೇರೆ ದೇಶಗಳಲ್ಲಿ ಕೇಳಿ ನೋಡಿದ್ದಾರೆ: ಈ ಸ್ಥಿತಿಯ ದೊಡ್ಡವರಲ್ಲಿ ಹತ್ತರಲ್ಲಿ ಆರೇಳು ಜನಕ್ಕೆ ಬಿಡದ ನೋವಿದೆ. ನಮ್ಮಲ್ಲಿ ಅದಕ್ಕೆ ಹೆಸರು ‘ಹಠ’. ‘ಇವತ್ತ್ ಹಠ ಹಿಡ್ದ, ಉಂಬುದಿಲ್ಲ ಅಂತ.’ ಒಂದು ಸಲ ನಮ್ಮಣ್ಣ ಹದಿನೈದು ದಿನ ಹಠ ಹಿಡಿದ. ಕೂಗುವುದು, ತಲೆ ಬಡಿಯುವುದು. ಕೊನೆಗೆ ಬಾಯಿ ಬಿಡಿಸಿ ಟಾರ್ಚ್ ಹಾಕಿ ನೋಡಿದರೆ ದವಡೆಯ ಹಲ್ಲು ಕೊಳೆತು ಕೀವು ಕಟ್ಟಿತ್ತು. ಫಿಟ್ಸಿಗೆ ಕೊಡುವ ಫೆನಿಟಾಯಿನ್ ಮಾತ್ರೆ ವಸಡನ್ನು ಊದಿಸುತ್ತದೆ, ಬಿಗಿದ ಬಾಯಲ್ಲಿ ಉಜ್ಜುವುದು ಕಷ್ಟ, ಉಜ್ಜಿದರೂ ಒಳಗೆ ಮುಟ್ಟುವುದಿಲ್ಲ. ಹಲ್ಲು ಕಿತ್ತ ಮಾರನೇ ದಿನವೇ ಹಠ ಹೋಯ್ತು. ಮಾತಿಲ್ಲದವರು ಇದ್ದಕ್ಕಿದ್ದ ಹಾಗೆ ಬದಲಾದರೆ ಹಲ್ಲು ನೋಡಿ, ಕಿವಿ ನೋಡಿ, ಹೊಟ್ಟೆ ಒತ್ತಿ ನೋಡಿ, ಸೊಂಟ ನೋಡಿ. ವಾರಗಟ್ಟಲೆ ಮಲ ಕಟ್ಟಿ ಕರುಳು ಮುಚ್ಚಿಹೋಗುವುದೂ ಇವರಲ್ಲಿ ಸಣ್ಣ ವಿಷಯವಲ್ಲ.

ಎಲುಬು. ಭಾರ ಹೊರದ ಎಲುಬು ಗಟ್ಟಿಯಾಗುವುದಿಲ್ಲ. ಬಿಸಿಲು ಕಾಣದ ಮೈಯಲ್ಲಿ ವಿಟಮಿನ್ ಡಿ ಇರುವುದಿಲ್ಲ, ಫಿಟ್ಸಿನ ಹಳೆಯ ಮಾತ್ರೆಗಳು ಇದ್ದದ್ದನ್ನೂ ಕರಗಿಸುತ್ತವೆ. ಸ್ನಾನಕ್ಕೆ ಎತ್ತುವಾಗ ತೊಡೆಯೆಲುಬು ಮುರಿದ ಒಬ್ಬ ಹುಡುಗನನ್ನು ಕಂಡೆವು. ಎತ್ತಿದವಳು ಅಜ್ಜಿ, ಆಕೆ ಆ ದಿನದಿಂದ ತನ್ನ ಕೈಯನ್ನೇ ಬೈದುಕೊಳ್ಳುತ್ತಿದ್ದಾಳೆ. ಬಿಸಿಲು, ರಾಗಿ, ಮೀನು, ಡಾಕ್ಟರು ಬರೆದ ಮಾತ್ರೆ, ಇಬ್ಬರು ಸೇರಿ ಎತ್ತುವುದು. ಮೀನು ನಮ್ಮ ಗಂಗೊಳ್ಳಿಯಲ್ಲಿ ಸಿಗುತ್ತದೆ, ಇಬ್ಬರು ಮನೆಯಲ್ಲಿ ಇರುವುದು ಸಿಗುವುದಿಲ್ಲ. ಒಬ್ಬರು ಗೇರುಬೀಜದ ಕಾರ್ಖಾನೆಗೆ ಹೋಗಲೇಬೇಕು.

ಆದರೆ ಈ ಜನ ಹೆಚ್ಚಾಗಿ ಸಾಯುವುದು ಎಲುಬಿನಿಂದಲ್ಲ. ಶ್ವಾಸಕೋಶದಿಂದ. ಎಲ್ಲಿ ಲೆಕ್ಕ ಇಟ್ಟಿದ್ದಾರೋ ಅಲ್ಲೆಲ್ಲ, ತೀವ್ರ ಸ್ಥಿತಿಯವರ ಸಾವಿಗೆ ಮೊದಲ ಕಾರಣ ಉಸಿರಿನ ಕಾಯಿಲೆ. ನುಂಗುವುದೂ ಸ್ನಾಯುಗಳ ಕೆಲಸವೇ ಅಲ್ಲವೇ? ನಾಲಗೆ, ಗಂಟಲು ತಾಳ ತಪ್ಪಿದರೆ ತುತ್ತು ಅನ್ನನಾಳದ ಬದಲು ಗಾಳಿಕೊಳವೆಗೆ ಇಳಿಯುತ್ತದೆ. ಕೆಮ್ಮಿ ಹೊರಹಾಕುವ ಶಕ್ತಿ ಕಮ್ಮಿ. ದಿನಕ್ಕೊಂದಿಷ್ಟು ಗಂಜಿ, ಒಂದಿಷ್ಟು ಎಂಜಲು ಒಳಗೆ ಹೋಗಿ, ಮಳೆಗಾಲದ ಒಂದು ರಾತ್ರಿ ಜ್ವರ ಬಂದು, ನ್ಯುಮೋನಿಯಾ. ಮೂರನೇ ದಿನ ಮುಗಿಯಿತು. ಊರವರು ‘ಪುಣ್ಯ ಮಾಡಿತ್ತ್, ಮುಕ್ತಿ ಸಿಕ್ತ್’ ಅಂದು ಎದ್ದು ಹೋಗುತ್ತಾರೆ. ನಮ್ಮ ನೋಟ್ ಪುಸ್ತಕದಲ್ಲಿ ‘ಹೋದರು’ ಅಂತ ಬರೆದ ಹೆಸರುಗಳ ಮುಂದೆ ಮನೆಯವರು ಹೇಳಿದ ಮಾತುಗಳನ್ನು ಒಟ್ಟಿಗೆ ಓದಿದರೆ ಮೈ ಜುಮ್ಮೆನ್ನುತ್ತದೆ: ಜ್ವರ, ಕಫ, ಉಂಬುಕೆ ಕೊಡುವಾಗ ಕೆಮ್ಮು, ಜ್ವರ, ಏದುಸಿರು.

ಮೇಷ್ಟ್ರುಗಳೇ, ಈ ಒಂದು ಮಾತನ್ನು ನಿಮ್ಮ ಊರಿನ ತಾಯಂದಿರಿಗೆ ಹೇಳಿ. ಮಲಗಿಸಿ ಉಣಿಸಬಾರದು. ತಲೆಯನ್ನು ಹಿಂದಕ್ಕೆ ವಾಲಿಸಿ ಬಾಯಿಗೆ ಸುರಿಯುವುದಂತೂ ಕೊಲ್ಲುವುದಕ್ಕೆ ಸಮ. ಕೂರಿಸಿ, ಬೆನ್ನಿಗೆ ಆಧಾರ ಕೊಟ್ಟು, ಗದ್ದ ಸ್ವಲ್ಪ ಎದೆಯ ಕಡೆ ಬಗ್ಗಿರಲಿ. ಸಣ್ಣ ಚಮಚ, ಒಂದು ತುತ್ತು ಇಳಿದದ್ದು ಕಂಡ ಮೇಲೆ ಇನ್ನೊಂದು. ಗಂಜಿತಿಳಿ, ಚಾ, ನೀರು ಬೇಗ ಜಾರುತ್ತವೆ. ಮಸೆದ ಗಂಜಿ, ದಪ್ಪ ಮಾಡಿದ ಅಂಬಲಿ ನಿಧಾನ ಇಳಿಯುತ್ತದೆ. ಉಂಡ ಮೇಲೆ ಅರ್ಧ ಗಂಟೆ ಕೂತೇ ಇರಲಿ. ಉಣ್ಣುವಾಗ ಕೆಮ್ಮು, ದನಿ ಗೊರಗೊರ, ಮೇಲಿಂದ ಮೇಲೆ ಜ್ವರ, ತೂಕ ಇಳಿಯುವುದು ಕಂಡರೆ ನುಂಗುವುದರಲ್ಲಿ ತೊಂದರೆ ಇದೆ ಅಂತ ಅರ್ಥ, ಡಾಕ್ಟರಿಗೆ ಅದನ್ನೇ ಬಾಯಿಬಿಟ್ಟು ಹೇಳಬೇಕು. ಕೆಲವರಿಗೆ ಹೊಟ್ಟೆಗೇ ಕೊಳವೆ ಹಾಕಿ ಉಣಿಸಬೇಕಾಗುತ್ತದೆ. ನಮ್ಮ ಅಬ್ಬಿ ಇಪ್ಪತ್ತೈದು ವರ್ಷ ಅಣ್ಣನನ್ನು ತೊಡೆ ಮೇಲೆ ಮಲಗಿಸಿಯೇ ಉಣಿಸಿದವರು. ಯಾರೂ ಹೇಳಿಕೊಟ್ಟಿರಲಿಲ್ಲ. ಆಮೇಲೆ ಹಳೆ ಹಲಸಿನ ಹಲಗೆಯಲ್ಲಿ ಊರಿನ ಆಚಾರಿ ಒಂದು ಕುರ್ಚಿ ಮಾಡಿಕೊಟ್ಟರು, ತಲೆಗೆ ಎರಡು ಕಡೆ ತಡೆ, ಸೊಂಟಕ್ಕೆ ಪಟ್ಟಿ. ಆ ಕುರ್ಚಿ ಬಂದ ಮೇಲೆ ಮಳೆಗಾಲದ ಜ್ವರ ಕಮ್ಮಿಯಾಯ್ತು. ಯಂತ್ರವಿಲ್ಲ, ಔಷಧಿಯಿಲ್ಲ, ಒಂದು ಹಲಗೆ ಅಷ್ಟೆ.

ಡಬ್ಲಿನ್ನಿನ ಕ್ರಿಸ್ಟಿ ಬ್ರೌನ್ ಬಗ್ಗೆ ನಾವು ಓದಿದ್ದು ಕಾಲೇಜಿನ ಲೈಬ್ರರಿಯಲ್ಲಿ. ೧೯೩೨ರಲ್ಲಿ ಗಾರೆ ಕೆಲಸದವನ ಮನೆಯಲ್ಲಿ ಹುಟ್ಟಿದವ. ಆ ತಾಯಿ ಹೆತ್ತದ್ದು ೨೨, ಉಳಿದದ್ದು ೧೩. ಇವನಿಗೂ ಸೆರೆಬ್ರಲ್ ಪಾಲ್ಸಿ. ಹಿಡಿತದಲ್ಲಿದ್ದದ್ದು ಎಡಗಾಲು ಒಂದೇ. ಅದರಲ್ಲೇ ಸೀಮೆಸುಣ್ಣ ಹಿಡಿದು ಅಕ್ಷರ ಕಲಿತ, ಕಲಿಸಿದವಳು ತಾಯಿ. ೧೯೫೪ರಲ್ಲಿ ‘ಮೈ ಲೆಫ್ಟ್ ಫೂಟ್’ ಬಂತು, ೧೯೮೯ರಲ್ಲಿ ಅದು ಸಿನಿಮಾ ಆಯ್ತು. ಕೂಲಿಯವರ ಮನೆಯ ಹುಡುಗ ಎಡಗಾಲಲ್ಲಿ ಲೋಕಕ್ಕೆ ಹೆಸರಾದ ಅಂತ ಎಲ್ಲರೂ ಹೇಳುತ್ತಾರೆ. ಆತ ತೀರಿಕೊಂಡದ್ದು ಹೇಗೆ ಅಂತ ಹೇಳುವವರು ಕಮ್ಮಿ. ೧೯೮೧ರಲ್ಲಿ, ೪೯ನೇ ವಯಸ್ಸಿನಲ್ಲಿ, ಊಟ ಮಾಡುವಾಗ ತುತ್ತು ಗಂಟಲಲ್ಲಿ ಸಿಕ್ಕಿ ಉಸಿರು ಕಟ್ಟಿ. ಅಷ್ಟು ಹೆಸರು ಬಂದ ಮೇಲೂ ತುತ್ತು ತುತ್ತೇ.

ಹಾಗಾದರೆ ಆಯುಷ್ಯ ಎಷ್ಟು? ಕೇಳಿದ್ದಕ್ಕೆ ಉತ್ತರ ಕೊಡದೆ ಓಡುವವರಲ್ಲ ನಾವು. ಸ್ವಲ್ಪ ಕುಂಟಿಕೊಂಡು ನಡೆಯುವ, ತಾನೇ ಉಣ್ಣುವ ಮನುಷ್ಯ ಹೆಚ್ಚುಕಮ್ಮಿ ಎಲ್ಲರ ಹಾಗೇ ಬದುಕುತ್ತಾನೆ. ಅರವತ್ತು, ಎಪ್ಪತ್ತು. ತಲೆ ಎತ್ತಲಾಗದ, ಮಗ್ಗುಲು ಹೊರಳಲಾಗದ, ಕೊಳವೆಯಿಂದ ಉಣ್ಣಬೇಕಾದವರ ಆಯುಷ್ಯ ಅದಕ್ಕಿಂತ ಬಹಳ ಕಮ್ಮಿ. ನಡುವೆ ಎಲ್ಲ ತರದವರೂ ಇದ್ದಾರೆ. ಕ್ಯಾಲಿಫೋರ್ನಿಯಾದಲ್ಲಿ ಡೇವಿಡ್ ಸ್ಟ್ರಾಸ್ ಮತ್ತು ಸಂಗಡಿಗರು ವರ್ಷಗಟ್ಟಲೆ ಲೆಕ್ಕ ಹಾಕಿ ಹೇಳಿದ್ದು ಇದನ್ನೇ: ಎಷ್ಟು ಅಲುಗಾಡಬಲ್ಲರು, ಹೇಗೆ ಉಣ್ಣುತ್ತಾರೆ, ಈ ಎರಡು ಮುಖ್ಯ. ಅವರ ಲೆಕ್ಕದಲ್ಲಿ ಇನ್ನೊಂದು ಸಂಗತಿ ಇದೆ, ನಮಗೆ ಅದೇ ದೊಡ್ಡದು. ೧೯೮೦ರ ದಶಕದಿಂದ ಈಚೆಗೆ ಅಲ್ಲಿ ತೀರಾ ತೀವ್ರ ಸ್ಥಿತಿಯ ಮಕ್ಕಳ ಸಾವು ಇಳಿಯುತ್ತ ಬಂದಿದೆ. ಮೆದುಳಿನ ಪೆಟ್ಟು ಅದೇ, ದೇಹ ಅದೇ. ಬದಲಾದದ್ದು ಆರೈಕೆ. ಹಣೆಯಲ್ಲಿ ಬರೆದದ್ದಾಗಿದ್ದರೆ ಆರೈಕೆಗೆ ಅಳಿಸಲು ಹೇಗೆ ಬಂತು? ಕ್ಯಾಲಿಫೋರ್ನಿಯಾದ ಬ್ರಹ್ಮ ಬೇರೆಯೇ?

ನಡೆಯುವವರ ಮಾತು ಪ್ರತ್ಯೇಕ ಹೇಳಬೇಕು. ‘ಅವನಿಗೆ ಅಡ್ಡಿಲ್ಲೆ, ನಡಿತ’ ಅಂತ ಬಿಟ್ಟುಬಿಡುತ್ತಾರೆ. ಬಿಗಿದ ಸ್ನಾಯುವಿನ ವಿರುದ್ಧ ಒಂದೊಂದು ಹೆಜ್ಜೆಗೂ ಆತ ನಮಗಿಂತ ಎಷ್ಟೋ ಪಾಲು ಹೆಚ್ಚು ಬಲ ಖರ್ಚು ಮಾಡುತ್ತಿರುತ್ತಾನೆ. ಕೀಲುಗಳು ಬೇಗ ಸವೆಯುತ್ತವೆ. ನಡೆಯುತ್ತಿದ್ದವರಲ್ಲಿ ನಾಲ್ವರಲ್ಲಿ ಒಬ್ಬರಿಗಾದರೂ ದೊಡ್ಡವರಾದ ಮೇಲೆ ನಡಿಗೆ ಕುಸಿಯುತ್ತದೆ. ಮೂವತ್ತೈದಕ್ಕೇ ಅರವತ್ತರ ಸುಸ್ತು. ಬಿ.ಪಿ., ಸಕ್ಕರೆ, ಹೃದಯದ ಕಾಯಿಲೆಯೂ ಬೇರೆಯವರಿಗಿಂತ ಇವರಿಗೆ ಹೆಚ್ಚು. ಆದರೆ ಇವರ ಬಿ.ಪಿ. ನೋಡುವವರಾರು? ಮನಸ್ಸಿನ ಕುಸಿತವೂ ಹಾಗೇ. ಮದುವೆಯಿಲ್ಲ, ಕೆಲಸವಿಲ್ಲ, ಊರ ಆಟಕ್ಕೂ ಯಾರಾದರೂ ಕರಕೊಂಡು ಹೋದರೆ ಉಂಟು. ಇಂಥವನು ಮಂಕಾಗಿ ಕೂತರೆ ‘ಮೊದ್ಲಿಂದ್ಲೂ ಹಾಂಗೇ’ ಅನ್ನುತ್ತಾರೆ. ಹೆಂಗಸರ ಕತೆ ಇನ್ನೂ ಕತ್ತಲು. ಮುಟ್ಟಿನ ನೋವು, ಎದೆಯ ಗಂಟು, ಯಾವುದನ್ನೂ ಯಾರೂ ನೋಡುವುದಿಲ್ಲ. ಮೈಯೇ ಇಲ್ಲ ಅನ್ನುವ ಹಾಗೆ.

ಕಾಸರಗೋಡಿನ ಗಡಿಯ ಎಣ್ಮಕಜೆ, ಪಡ್ರೆ ಕಡೆಯ ಕನ್ನಡದ ಮನೆಗಳನ್ನು ನೆನೆಯಿರಿ. ಗೇರು ತೋಟದ ಮೇಲೆ ಎರಡು ದಶಕದಷ್ಟು ಕಾಲ, ೨೦೦೦ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಅಲ್ಲಿಯ ವೈದ್ಯ ವೈ.ಎಸ್. ಮೋಹನ ಕುಮಾರ್ ತನ್ನ ರೋಗಿಗಳನ್ನು ನೋಡಿ ನೋಡಿ ಏನೋ ತಪ್ಪಾಗಿದೆ ಅಂದರು, ಪತ್ರಕರ್ತ ಶ್ರೀಪಡ್ರೆ ಬರೆದರು. ಬೆಳ್ತಂಗಡಿಯ ಕೊಕ್ಕಡ, ಪಟ್ರಮೆ, ನಿಡ್ಲೆಯಲ್ಲೂ ಸರ್ಕಾರಿ ಗೇರು ತೋಟಕ್ಕೆ ಅದೇ ವಿಷ ಬಿತ್ತು. ನಮ್ಮ ಉಡುಪಿ ಜಿಲ್ಲೆಯಲ್ಲೂ ಎಂಡೋ ಪೀಡಿತರೆಂದು ಗುರುತಿಸಿದವರಿದ್ದಾರೆ. ಕೈಕಾಲು ಬಿಗಿದು ಮಲಗಿದ ಎಲ್ಲರೂ ಎಂಡೋಸಲ್ಫಾನಿನಿಂದ ಹಾಗಾದವರಲ್ಲ, ಹಾಗೆ ಹೇಳುವುದು ಸುಳ್ಳಾಗುತ್ತದೆ. ಆದರೆ ಒಂದು ಕಲಿಯಬೇಕಾದದ್ದಿದೆ. ಅಲ್ಲಿ ಜನ ಬೀದಿಗೆ ಬಂದರು, ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಕೂತರು. ೨೦೧೧ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಆ ವಿಷದ ತಯಾರಿಕೆ, ಮಾರಾಟ, ಬಳಕೆ ನಿಲ್ಲಿಸಿತು. ೨೦೧೭ರಲ್ಲಿ ಕೇರಳ ಸರ್ಕಾರ ಪೀಡಿತರಿಗೆ ೫ ಲಕ್ಷ ರೂಪಾಯಿಯಂತೆ ಕೊಡಬೇಕು ಅಂದಿತು. ಒಟ್ಟಿಗೆ ಕೂಗಿದಾಗ ಹಾಸಿಗೆ ಹಿಡಿದವರ ಹೆಸರೂ ಪಟ್ಟಿಗೆ ಬರುತ್ತದೆ. ಒಂಟಿ ಮನೆಯ ಹಿಂದಿನ ಕೋಣೆ ಪಟ್ಟಿಗೆ ಬರುವುದಿಲ್ಲ.

ಕಾನೂನಿಗೇನೂ ಬರಗಾಲವಿಲ್ಲ. ೧೯೯೫ರಲ್ಲಿ ಅಂಗವಿಕಲರ ಕಾಯಿದೆ ಬಂತು. ೧೯೯೯ರಲ್ಲಿ ನ್ಯಾಷನಲ್ ಟ್ರಸ್ಟ್ ಕಾಯಿದೆ, ಅದರ ಹೆಸರಿನಲ್ಲೇ ಸೆರೆಬ್ರಲ್ ಪಾಲ್ಸಿ ಉಂಟು. ೨೦೧೬ರ ಕಾಯಿದೆ ೨೧ ಬಗೆಯ ವೈಕಲ್ಯಗಳನ್ನು ಹೆಸರಿಸಿ, ಬಡ ಕುಟುಂಬದವರಿಗೆ ಹತ್ತಿರದಲ್ಲೇ, ಅದೂ ಹಳ್ಳಿಗಳಲ್ಲಿ, ಪುಕ್ಕಟೆ ವೈದ್ಯಕೀಯ ನೆರವು ಅನ್ನುತ್ತದೆ. ಅದೇ ೨೦೧೬ರಲ್ಲಿ, ಸೆರೆಬ್ರಲ್ ಪಾಲ್ಸಿ ಇರುವ ಕಲ್ಕತ್ತದ ಜೀಜಾ ಘೋಷ್ ಅವರನ್ನು ವಿಮಾನದಿಂದ ಇಳಿಸಿದ್ದಕ್ಕೆ ಸುಪ್ರೀಂ ಕೋರ್ಟು ೧೦ ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ನಮಗೆ ಸಂತೋಷವೇ. ಆದರೆ ನಮ್ಮಣ್ಣನನ್ನು ಇಳಿಸಲಿಕ್ಕೆ ಮೊದಲು ಯಾವುದಕ್ಕಾದರೂ ಹತ್ತಿಸಬೇಕಲ್ಲ. ಕೇರಿಯಿಂದ ರಸ್ತೆಗೆ ದರೆ ಕಡಿದ ಮೆಟ್ಟಲು, ಮಳೆಗಾಲದಲ್ಲಿ ಅದು ತೋಡು. ಪ್ರಮಾಣಪತ್ರದ ಕ್ಯಾಂಪಿಗೆ ಕಂಬಳಿಯಲ್ಲಿ ಹೊತ್ತು ತಂದೆವು. ಮೇಜಿನ ಹಿಂದೆ ಕೂತವರು, ಯಾವ ಕಚೇರಿಯವರು ಅಂತ ಬೇಡ, ‘ಸ್ವತಃ ಸಹಿ ಹಾಕಬೇಕು’ ಅಂದರು. ಅಬ್ಬಿ ಆ ಬಿಗಿದ ಮುಷ್ಟಿಯ ಹೆಬ್ಬೆಟ್ಟನ್ನು ಒಂದೊಂದೇ ಬೆರಳು ಬಿಡಿಸಿ ಹೊರತೆಗೆದು ಒತ್ತಿಸಿದರು.

೨೦೧೩ರಲ್ಲಿ ಶುರುವಾದ ಮಕ್ಕಳ ಆರೋಗ್ಯ ತಪಾಸಣೆಯ ರಾಷ್ಟ್ರೀಯ ಕಾರ್ಯಕ್ರಮ ೧೮ ವರ್ಷದವರೆಗೆ. ಶಾಲೆಯ ಗೃಹಾಧಾರಿತ ಶಿಕ್ಷಣ ಅಂತ ಮೇಷ್ಟ್ರು ಮನೆಗೆ ಬರುವುದೂ ಅಷ್ಟರವರೆಗೆ. ಫಿಸಿಯೋಥೆರಪಿ, ಪಟ್ಟಿ, ಬೂಟು ಎಲ್ಲ ಮಕ್ಕಳಿಗೆ. ಹದಿನೆಂಟು ತುಂಬಿದ ಮಾರನೇ ದಿನ ಮಕ್ಕಳ ಡಾಕ್ಟರು ‘ಇನ್ನು ದೊಡ್ಡವರ ಡಾಕ್ಟರಿಗೆ ತೋರಿಸಿ’ ಅನ್ನುತ್ತಾರೆ, ದೊಡ್ಡವರ ಡಾಕ್ಟರು ‘ಇದು ಮಕ್ಕಳ ಕಾಯಿಲೆಯಲ್ವಾ’ ಅನ್ನುತ್ತಾರೆ. ಮಗುವಾಗಿದ್ದಾಗ ಕರುಣೆಗಾದರೂ ಸಿಗುತ್ತಿತ್ತು. ಗಡ್ಡ ಬಂದ ಮೇಲೆ ಕರುಣೆಯೂ ಇಲ್ಲ. ಮುಂಬಯಿಯಲ್ಲಿ ೧೯೭೨ರಲ್ಲಿ, ಬೆಂಗಳೂರಿನಲ್ಲಿ ೧೯೮೦ರಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿಗಳು ಹುಟ್ಟಿದವು, ಒಳ್ಳೆಯ ಕೆಲಸ ಮಾಡಿದವು. ನಾವು ಕೇಳುವುದು ಅಮಾಸೆಬೈಲಿನ ಕಾಡಂಚಿನ ಮನೆಗೆ, ಗಂಗೊಳ್ಳಿಯ ಮರಳ ಮೇಲಿನ ಮನೆಗೆ. ೨೦೧೮ರಲ್ಲಿ ಬೈಂದೂರು, ಬ್ರಹ್ಮಾವರ ಬೇರೆ ತಾಲೂಕುಗಳಾದವು, ಬೋರ್ಡು ಬಂತು, ಜೀಪು ಬಂತು. ದೊಡ್ಡವರಿಗೆ ವಾರಕ್ಕೊಂದು ದಿನ ಕೈಕಾಲು ಚಾಚಿಸುವ ಒಬ್ಬ ಮನುಷ್ಯ ಬರಬೇಕು ಅಂತ ನಾವು ಕೇಳುತ್ತಿದ್ದೇವೆ.

ಸಿಗುವುದನ್ನು ಬಿಡಬೇಡಿ ಗೆಳೆಯರೇ. ನಿರಾಮಯ ಅಂತ ನ್ಯಾಷನಲ್ ಟ್ರಸ್ಟಿನ ವಿಮೆ ಇದೆ, ವರ್ಷಕ್ಕೆ ೧ ಲಕ್ಷ ರೂಪಾಯಿವರೆಗೆ, ವಯಸ್ಸಿನ ತ���ೆಯಿಲ್ಲ, ಸೇರುವ ಮುಂಚೆ ಆರೋಗ್ಯ ಪರೀಕ್ಷೆ ಇಲ್ಲ. ಪಂಚಾಯಿತಿಯ ಸ್ವಂತ ವರಮಾನದಲ್ಲಿ ಶೇಕಡಾ ೫ ಅಂಗವಿಕಲರಿಗೆ; ಗ್ರಾಮಸಭೆಯಲ್ಲಿ ಎದ್ದು ಲೆಕ್ಕ ಕೇಳಿ. ಪಂಚಾಯಿತಿಗೊಬ್ಬರು ಪುನರ್ವಸತಿ ಕಾರ್ಯಕರ್ತರಿದ್ದಾರೆ, ಹೆಚ್ಚಿನವರು ತಾವೂ ಅಂಗವಿಕಲರೇ, ಪುಡಿಗಾಸಿನ ಗೌರವಧನಕ್ಕೆ ಊರೆಲ್ಲ ತಿರುಗುತ್ತಾರೆ. ಅವರನ್ನು ಬೈಯಬೇಡಿ, ಜೊತೆಗೆ ಹೋಗಿ. ಫಾರಂ ತುಂಬಿಸಲು ಓದಿದ ಒಂದು ಕೈ ಬೇಕು. ನಮ್ಮ ಡಿಗ್ರಿ ಇನ್ನು ಯಾವುದಕ್ಕೆ?

ಅಬ್ಬಿಗೆ ಈಗ ೬೧. ಸೊಂಟ ಹೋಗಿದೆ. ಅಪ್ಪಯ್ಯ ಹಂಚಿನ ಕಾರ್ಖಾನೆಯ ಕೆಲಸ ಬಿಟ್ಟ ಎರಡನೇ ವರ್ಷಕ್ಕೇ ತೀರಿಕೊಂಡರು. ಅಕ್ಕನಿಗೆ ಬಂದ ಎರಡು ಸಂಬಂಧ ಅಣ್ಣನನ್ನು ಕಂಡು ವಾಪಸು ಹೋದವು, ‘ರಕ್ತದಲ್ಲಿ ಇದ್ದಿತ್ತ್’ ಅಂದರು. ರಕ್ತದಲ್ಲಿಲ್ಲ, ಹೆರಿಗೆಯಲ್ಲಾದದ್ದು ಅಂತ ಹೇಳಲು ನಮಗೆ ಅಷ್ಟರಲ್ಲಿ ಗೊತ್ತಿತ್ತು, ಕೇಳುವವರು ಎದ್ದು ಹೋಗಿದ್ದರು. ಅಬ್ಬಿ ದೀಪ ಹಚ್ಚುವಾಗ ಹೇಳಿಕೊಳ್ಳುವ ಒಂದು ಮಾತಿದೆ: ‘ನಾ ಹೋಪುದ್ರೊಳ್ಗ್ ಅವ ಹೋಯ್ಲಿ ದೇವ್ರೆ.’ ನೋಟ್ ಪುಸ್ತಕ ಹಿಡಿದು ಹೋದ ಮನೆಗಳಲ್ಲಿ, ಬಂಟರ ಮನೆಯಲ್ಲಿ, ಮೊಗವೀರರ ಮನೆಯಲ್ಲಿ, ಬ್ಯಾರಿಗಳ ಮನೆಯಲ್ಲಿ, ನಮ್ಮವರ ಕೇರಿಯಲ್ಲಿ, ತಾಯಂದಿರ ಬಾಯಲ್ಲಿ ಕೇಳಿದ್ದು ಇದೇ ಮಾತು. ಹೊತ್ತು ಹೆತ್ತು ಸಾಕಿದ ತಾಯಿ ಮಗನ ಸಾವನ್ನು ಬೇಡಿಕೊಳ್ಳುವ ಹಾಗೆ ಮಾಡಿದ ಈ ವ್ಯವಸ್ಥೆಗೆ ಏನು ಹೆಸರು ಕೊಡೋಣ? ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಸ್ಥಳೀಯ ಸಮಿತಿಯೊಂದು ನ್ಯಾಷನಲ್ ಟ್ರಸ್ಟ್ ಕಾಯಿದೆಯಡಿ ಇದೆ, ಅದು ಹದಿನೆಂಟು ದಾಟಿದವರಿಗೆ ಪಾಲಕರನ್ನು ನೇಮಿಸಬಹುದು. ನಾವು ನಮ್ಮ ಹೆಸರು ಕೊಟ್ಟಿದ್ದೇವೆ. ಅಬ್ಬಿಗೆ ಆ ಕಾಗದ ಓದಿ ಹೇಳಿದೆವು. ‘ನಿಮ್ಗ್ ಮದಿ ಆಪುದ್ ಬ್ಯಾಡ್ದಾ?’ ಅಂದರು.

ಕೊನೆಗೆ ಬೈಂದೂರು ಕಡೆಯ ಒಬ್ಬ ಗೆಳೆಯನ ವಿಷಯ. ೪೪ ವರ್ಷ. ಕತ್ತರಿಗಾಲಿನಲ್ಲಿ ನಡೆಯುತ್ತಾನೆ, ಕುತ್ತಿಗೆ ಸದಾ ಎಳೆದಾಡುತ್ತದೆ, ಮೀನಿನ ಬಂದರಿನಲ್ಲಿ ಬುಟ್ಟಿ ಲೆಕ್ಕ ಬರೆದು ಬದುಕುತ್ತಾನೆ. ಆರು ತಿಂಗಳಿಂದ ಬಲಗೈಯಲ್ಲಿ ಪೆನ್ನು ನಿಲ್ಲುತ್ತಿಲ್ಲ, ಬೆರಳು ಜೋಮು, ನಡೆಯುವಾಗ ಹೊಸದಾಗಿ ಬೀಳುತ್ತಿದ್ದಾನೆ, ಮೂತ್ರ ತಡೆಯಲಾಗುತ್ತಿಲ್ಲ. ಒಂದು ಕಡೆ ತೋರಿಸಿದ, ‘ಇದು ನಿನ್ನ ಹಳೇ ಕಾಯಿಲೆ’ ಅಂದು ನೋವಿನ ಮಾತ್ರೆ ಕೊಟ್ಟರು. ಹಳೇ ಕಾಯಿಲೆ ಹೊಸದಾಗಿ ಕೈ ಕೆಡಿಸುವುದಿಲ್ಲ. ವರ್ಷಗಟ್ಟಲೆ ಎಳೆದಾಡುವ ಕುತ್ತಿಗೆಯಲ್ಲಿ ಎಲುಬು, ತಟ್ಟೆಗಳು ಸವೆದು ಬೆನ್ನುಹುರಿಯನ್ನು ಒತ್ತುವುದು ಇಂಥವರಲ್ಲಿ ಆಗುತ್ತದೆ, ಬೇಗ ಕಂಡರೆ ಶಸ್ತ್ರಚಿಕಿತ್ಸೆಯಿಂದ ಉಳಿಸಬಹುದು, ತಡವಾದರೆ ಇದ್ದ ನಡಿಗೆಯೂ ಹೋಗುತ್ತದೆ. ಇದನ್ನು ಒಂದು ಹಾಳೆಯಲ್ಲಿ ಬರೆದು ಅವನ ಜೇಬಿನಲ್ಲಿಟ್ಟಿದ್ದೇವೆ. ಬರುವ ಸೋಮವಾರ ಕುತ್ತಿಗೆಯ ಸ್ಕ್ಯಾನಿಗೆ ಹೊರಟಿದ್ದೇವೆ, ನಾವಿಬ್ಬರು, ಮೊದಲ ಬಸ್ಸಿಗೆ. ಬಂದರಿನಲ್ಲಿ ಆ ದಿನದ ಲೆಕ್ಕ ಬರೆಯಲು ಅವನು ತನ್ನ ತಂಗಿಯ ಮಗನಿಗೆ ಹೇಳಿಟ್ಟಿದ್ದಾನೆ.